ಬೆಳೆ ಇಲ್ಲದ ವರ್ಷದ ತೆನೆ ಹಬ್ಬ

ಎಲ್ಲರಿಗೂ ನಮಸ್ಕಾರ.

ಗಣೇಶನ ಹಬ್ಬದ ಫೋಟೋಗಳು ಇನ್ನೂ ಗ್ರೂಪಲ್ಲಿ ಬರ್ತಾನೇ ಇವೆ, ಅಷ್ಟರಲ್ಲಿ ನಮ್ಮ ಕನ್ನಡ ಕೂಟದ ಸುದ್ದಿಪತ್ರದ ದಸರಾ ಸಂಚಿಕೆ ತಲೆ ಮೇಲೆ ಬಂದು ಕೂತಿದೆ. ನಾಳೆ ಬೆಳಗ್ಗೆ ಪಿಡಿಎಫ್ ಕಳಿಸ್ಬೇಕು, ಈಗ ರಾತ್ರಿ ಹನ್ನೊಂದು ದಾಟಿದೆ, ಎಲ್ಲಾ ಪುಟ ಮುಗಿದು ಈ ಒಂದು ಪುಟ ಉಳ್ಕೊಂಡಿದೆ. ರಾಜ್ಯೋತ್ಸವದ ಬಗ್ಗೆ ಬರೀಬೇಕು ಅಂತಿತ್ತು, ಆದ್ರೆ ಈ ತಿಂಗಳ ಎಂಟನೇ ತಾರೀಖಿಂದ ಮನಸಲ್ಲಿ ಬೇರೆ ವಿಷಯ ಕೂತಿದೆ, ಅದನ್ನ ಬಿಟ್ಟು ಇನ್ನೇನು ಬರೆದ್ರೂ ಬಾಯಿಮಾತಾಗುತ್ತೆ.

ಸೆಪ್ಟೆಂಬರ್ 8 ನಮ್ಮ ಮನೇಲಿ ಮೊಂತಿ ಫೆಸ್ತ್. ಕರಾವಳಿ ಕಡೆಯವರಿಗೆ, ನಮ್ಮ ಮಲೆನಾಡಿನವರಿಗೆ ಗೊತ್ತಿರುತ್ತೆ, ಮೇರಿ ಮಾತೆ ಹುಟ್ಟಿದ ದಿನ, ನಮ್ಮ ತೆನೆ ಹಬ್ಬ. ಅದಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕ್ತಾರೆ, ಹಬ್ಬದ ದಿನ ಚರ್ಚಲ್ಲಿ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಗಿಷ್ಟು ಅಂತ ಕೊಡ್ತಾರೆ, ಮನೆ ಹಿರಿಯರು ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಡ್ತಾರೆ, ಆಮೇಲೆ ಬಾಳೆಲೆ ಊಟ, ಅವತ್ತು ಮೀನಿಲ್ಲ ಮಾಂಸ ಇಲ್ಲ, ಪೂರ್ತಿ ತರಕಾರಿ. ಇಲ್ಲಿ ಕೆನಡಾದಲ್ಲಿ ಭತ್ತದ ತೆನೆ ಎಲ್ಲಿಂದ ತರೋದು, ಹೈವೇ ಪಕ್ಕದ ಹೊಲದವರನ್ನ ಕೇಳಿ ಗೋಧಿ ತೆನೆ ತಂದಿದ್ವಿ. ಹಾಲಿಗೆ ಕಾಳು ಹಾಕೋ ಹೊತ್ತಲ್ಲಿ ಮಗ ಕೇಳ್ದ, ಅಪ್ಪಂಗೆ ಏಪ್ರಿಲ್ಲಿಂದ ಕೆಲಸ ಇಲ್ಲ, ನಾವು ದಿನಾ ಪ್ರೇಯರ್ ಮಾಡ್ತಿದೀವಿ, ಇನ್ನೂ ಸಿಕ್ಕಿಲ್ಲ, ಈಗ ಥ್ಯಾಂಕ್ಯೂ ಹೇಳಿದ್ರೆ ಅದು ಸುಳ್ಳಾಗಲ್ವಾ ಅಮ್ಮ ಅಂತ.

ಒಂಬತ್ತು ವರ್ಷದ ಹುಡುಗ. ಎದುರು ಮಾತಾಡೋಕೆ ಕೇಳಿದ್ದಲ್ಲ, ನಿಜವಾಗ್ಲೂ ತಿಳ್ಕೋಬೇಕು ಅಂತ ಕೇಳಿದ್ದು. ಅವನಪ್ಪ ಲೋಟ ಹಿಡ್ಕೊಂಡು ಸುಮ್ನೆ ಕೂತ್ರು. ನಾನು ಅವನಿಗೆ ನಮ್ಮ ಅಪ್ಪನ ಕಥೆ ಹೇಳಿದೆ, ನಿಮಗೂ ಅದನ್ನೇ ಹೇಳ್ತೀನಿ. ಕೂಟದಲ್ಲಿ ಎಲ್ಲಾ ಥರದ ದೇವರಮನೆಗಳೂ ಇವೆ, ನಾನು ನಮ್ಮ ಮನೆಯ ನಂಬಿಕೆಯ ಮಾತಲ್ಲೇ ಹೇಳ್ತೀನಿ, ನಿಮ್ಮ ಮನೆಗೆ ಹೊಂದಿದಷ್ಟು ತಗೊಳ್ಳಿ.

ಊರಲ್ಲಿ ನಮ್ಮ ಅಪ್ಪನ ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗ್ತಾ ಮೇಗರವಳ್ಳಿ ದಾಟಿ ಒಳಗೆ. ಮನೇಲಿ ಕೊಂಕಣಿ, ಹೊರಗೆಲ್ಲ ಕನ್ನಡ. ಕಣಿವೇಲಿ ಚಿಕ್ಕ ಅಡಿಕೆ ತೋಟ, ಬೇರೆ ಆದಾಯ ಇಲ್ಲ. ನಾನು ಎಂಟನೇ ಕ್ಲಾಸಲ್ಲಿದ್ದ ವರ್ಷ ಮಳೆ ಹಿಡಿದಿದ್ದು ಬಿಡ್ಲೇ ಇಲ್ಲ. ಅಡಿಕೆ ಮನೆಯವರಿಗೆ ಹೇಳೋದೇ ಬೇಡ, ಮಳೆಗಾಲಕ್ಕೆ ಮುಂಚೆ ಒಂದ್ಸಲ ಗೊನೆಗೆ ಬೋರ್ಡೋ ಔಷಧಿ ಹೊಡೀಬೇಕು, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದ್ಸಲ, ಇಲ್ಲಾಂದ್ರೆ ಕೊಳೆ, ಅಂದ್ರೆ ಎಳೇ ಕಾಯಿ ಕೊಳೆತು ಉದುರೋ ರೋಗ, ಬರುತ್ತೆ. ಮೊದಲನೇದು ಆಗಿತ್ತು. ಅಂಗಳದಲ್ಲಿ ಒಂದು ಡ್ರಮ್ಮಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್), ಇನ್ನೊಂದರಲ್ಲಿ ಸುಣ್ಣ ಬೇರೆಬೇರೆ ಕರಗಿಸಿ, ನೂರು ಲೀಟರ್ ನೀರಿಗೆ ಒಂದೊಂದು ಕೇಜಿ ಲೆಕ್ಕ, ಎರಡನ್ನೂ ಸೇರಿಸಿ ಅಪ್ಪ ಅದರಲ್ಲಿ ಕಬ್ಬಿಣದ ಕತ್ತಿ ಅದ್ದಿ ನೋಡೋರು, ಕತ್ತಿ ಮೇಲೆ ಕೆಂಪು ಕೂತ್ರೆ ಸುಣ್ಣ ಸಾಲದು ಅಂತ ಲೆಕ್ಕ, ಇನ್ನೊಂದು ಚೂರು ಹಾಕೋರು. ಬೋರ್ಡೋ ಫ್ರಾನ್ಸಿನ ಊರು, ಅಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಅಂತ ಕಂಡ್ಕೊಂಡ ಔಷಧಿ ಅದು. ನಮ್ಮ ಅಡಿಕೆಗೆ ಅದನ್ನ ರೂಢಿ ಮಾಡಿಸಿದ್ದು ಲೆಸ್ಲಿ ಕೋಲ್ಮನ್ ಅನ್ನೋ ವಿಜ್ಞಾನಿ, ನಾವೀಗ ಬದುಕ್ತಿರೋ ಇದೇ ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ಕೊಳೆರೋಗವನ್ನ ಅಭ್ಯಾಸ ಮಾಡಿ 1910ರಲ್ಲಿ ಅದರ ಬಗ್ಗೆ ಬರೆದವರು. ಈ ದೇಶಕ್ಕೆ ಬಂದು ಎಷ್ಟೋ ಕಾಲ ಆದ್ಮೇಲೆ ನನಗೆ ಇದು ಗೊತ್ತಾಗಿದ್ದು, ಗೊತ್ತಾದ ದಿನ ಅಪ್ಪಂಗೆ ಫೋನ್ ಮಾಡಿ ಹೇಳಿದ್ದೆ, ಅಪ್ಪ ಎಷ್ಟು ಖುಷಿಪಟ್ರು ಅಂದ್ರೆ ಊರಲ್ಲೆಲ್ಲ ಹೇಳ್ಕೊಂಡು ಬಂದಿದ್ರಂತೆ.

ಆ ವರ್ಷ ಎರಡನೇ ಔಷಧಿಗೆ ಹೊಳವೇ, ಅಂದ್ರೆ ಮಳೆ ಬಿಡುವೇ, ಸಿಗ್ಲಿಲ್ಲ. ಪುನರ್ವಸು ಮಳೆ ಮುಗೀತು, ಪುಷ್ಯ ಹಿಡೀತು, ಆಶ್ಲೇಷ ಬಂತು, ಒದ್ದೆ ಗೊನೆಗೆ ಹೊಡೆದ್ರೆ ನಿಲ್ಲಲ್ಲ, ತೊಳೆದು ಹೋಗುತ್ತೆ. ದಿನಾ ಬೆಳಗ್ಗೆ ಅಪ್ಪ ಕಂಬಳಿಕೊಪ್ಪೆ ಹಾಕ್ಕೊಂಡು ಬುಟ್ಟಿ ಹಿಡ್ಕೊಂಡು ತೋಟಕ್ಕೆ ಇಳಿಯೋರು, ಬುಡದಲ್ಲಿ ಎಳೇ ಕಾಯಿ ಬಿದ್ದಿರೋದು, ಮೈಮೇಲೆಲ್ಲ ಬಿಳೀ ಬೂಸ್ಟು, ಆ ವಾಸನೆ ನನಗೆ ಈಗ್ಲೂ ಮೂಗಲ್ಲಿದೆ. ಮೊದಮೊದಲು ಬುಟ್ಟಿ ತಳ ಮುಚ್ಚೋಷ್ಟು, ಆಮೇಲೆ ಅರ್ಧ, ಆಮೇಲೆ ಅಪ್ಪ ಎರಡೆರಡು ಸಲ ಇಳಿಯೋರು. ಉದುರಿದ್ದನ್ನ ಹಾಗೇ ಬಿಟ್ರೆ ರೋಗ ಇನ್ನೂ ಹರಡುತ್ತೆ ಅಂತ ಒಂದೊಂದೇ ಹೆಕ್ಕೋರು. ನಾನು ಶಾಲೆಗೆ ಹೊರಡೋ ಹೊತ್ತಿಗೆ ಅಬ್ಬಿ ನೀರಿನ ಹತ್ರ ಕೂತು ಕಾಲಿಗೆ ಕಚ್ಚಿದ ಉಂಬಳ (ಜಿಗಣೆ) ಕೀಳ್ತಿರೋರು, ಮಾತಿಲ್ಲ.

ಸಂಜೆ ಏಳಕ್ಕೆ ನಮ್ಮಲ್ಲಿ ತೇರ್ಸ್, ಜಪಮಾಲೆ ಪ್ರಾರ್ಥನೆ. ಹಂಚಿನ ಮೇಲೆ ಮಳೆ ಬೀಳೋ ಸದ್ದಿಗೆ ಒಬ್ಬರದು ಒಬ್ಬರಿಗೆ ಕೇಳಲ್ಲ, ಅಮ್ಮ ಗಂಟಲು ಏರಿಸಿ ಹೇಳೋಳು, ನಾವು ಅವಳ ತುಟಿ ನೋಡ್ಕೊಂಡು ಉತ್ತರ ಕೊಡೋದು. ಒಂದಿನ ಮಧ್ಯದಲ್ಲಿ ಅಪ್ಪ ನಿಲ್ಲಿಸಿಬಿಟ್ರು. ಶಿಲುಬೆ ಕಡೆ ನೋಡ್ಕೊಂಡು ಜೋರಾಗಿ, ಆ ಮಳೆ ಸದ್ದಲ್ಲೂ ಕೇಳೋಷ್ಟು ಜೋರಾಗಿ, ಇನ್ನೆಷ್ಟು ದಿನ, ನಿನಗೆ ಕೇಳಿಸ್ತಾ ಇಲ್ವಾ ಅಂದ್ರು. ನಾನು ಮತ್ತು ಅಕ್ಕ ಹೆದರಿ ಅಮ್ಮನ ಮುಖ ನೋಡಿದ್ವಿ, ದೇವರ ಮುಂದೆ ಹಾಗೆಲ್ಲ ಮಾತಾಡಬಹುದಾ. ಅಮ್ಮ ಏನೂ ಅನ್ಲಿಲ್ಲ. ಅಪ್ಪ ಕೂತ ಮೇಲೆ ನಿಲ್ಲಿಸಿದ ಮಣಿಯಿಂದ್ಲೇ ಮುಂದುವರಿಸಿದ್ಲು.

ಆ ವಾರ ನಮ್ಮ ಪಾದ್ರಿಗಳು ಮನೆಗೆ ಬಂದ್ರು. ಬಂದವರು ಚಾವಡೀಲಿ ಕೂತು ಉಪದೇಶ ಮಾಡ್ಲಿಲ್ಲ, ಪ್ಯಾಂಟು ಮಡಚಿ ಅಪ್ಪನ ಜೊತೆ ತೋಟಕ್ಕಿಳಿದು ಕಾಯಿ ಹೆಕ್ಕಿದ್ರು. ಊಟ ಆದ್ಮೇಲೆ ಹಬಕ್ಕೂಕನ ಪುಸ್ತಕ ಓದಿ ಹೇಳಿದ್ರು. ಬೈಬಲಿನ ಹಳೇ ಒಡಂಬಡಿಕೇಲಿ ಮೂರೇ ಅಧ್ಯಾಯದ ಚಿಕ್ಕ ಪುಸ್ತಕ ಅದು. ಶುರುವಾಗೋದೇ ದೂರಿಂದ, ಎಷ್ಟು ಕಾಲ ಕೂಗ್ಲಿ ನೀನು ಕೇಳಲ್ವಲ್ಲ ಅಂತ ಪ್ರವಾದಿ ದೇವರನ್ನೇ ಕೇಳ್ತಾನೆ. ಬಾಬಿಲೋನಿಯದವರು ಬಂದು ನಾಡನ್ನ ಸೂರೆ ಮಾಡ್ತಾರೆ ಅನ್ನೋ ಉತ್ತರ ಸಿಗುತ್ತೆ, ಸಮಾಧಾನದ ಉತ್ತರ ಅಲ್ಲ. ಕೊನೇಲಿ ಅವನು ಹೇಳೋದು, ಅಂಜೂರ ಚಿಗುರದೇ ಹೋದ್ರೂ, ದ್ರಾಕ್ಷಿ ಬಳ್ಳೀಲಿ ಹಣ್ಣಿಲ್ದೇ ಹೋದ್ರೂ, ಹೊಲ ಬೆಳೆ ಕೊಡದೇ ಹೋದ್ರೂ, ಕೊಟ್ಟಿಗೇಲಿ ದನ ಇಲ್ದೇ ಹೋದ್ರೂ ನಾನು ದೇವರಲ್ಲಿ ಸಂತೋಷಪಡ್ತೀನಿ ಅಂತ. ಇದನ್ನ ಹೇಳೋವಾಗ ಅವನ ಪರಿಸ್ಥಿತಿ ಒಂದು ಚೂರೂ ಬದಲಾಗಿಲ್ಲ, ಬಳ್ಳೀಲಿ ಹಣ್ಣು ಬಂದಿಲ್ಲ. ಇದು ನನಗೆ ಆವಾಗ ಅರ್ಥ ಆಗ್ಲಿಲ್ಲ, ಅಪ್ಪಂಗೆ ಆಗಿತ್ತು ಅಂತ ಈಗ ಅನ್ಸುತ್ತೆ.

ಆಗಸ್ಟ್ ಕೊನೇಲಿ ಒಂದು ಅರ್ಧ ದಿನ ಹೊಳವಾಯ್ತು. ಊರಿಗೆಲ್ಲ ಇದ್ದಿದ್ದು ಮರ ಹತ್ತಿ ಔಷಧಿ ಹೊಡೆಯೋ ಒಬ್ಬನೇ ಕೊನೆಗಾರ, ಅವತ್ತು ಮೇಲಿನ ತೋಟದ ಗೌಡರ ಮನೆ ಸರದಿ. ಗೌಡರು ಅವನನ್ನ ನಮ್ಮ ತೋಟಕ್ಕೆ ಕಳಿಸಿದ್ರು, ಮೊದಲು ಅಲ್ಲಿ ಹೊಡಿ, ಅವರಿಗೆ ಉಳಿದಿರೋದು ಕಡಿಮೆ ಅಂದ್ರಂತೆ. ನಮ್ಮದು ಮುಗಿಯೋ ಹೊತ್ತಿಗೆ ಮತ್ತೆ ಮಳೆ ಬಂತು, ಅವರ ತೋಟಕ್ಕೆ ಆಗ್ಲೇ ಇಲ್ಲ. ನಾನು ದೇವರ ಕೈ ಅಂತ ಏನನ್ನಾದ್ರೂ ಕಣ್ಣಾರೆ ನೋಡಿದ್ರೆ ಅದು ಅವತ್ತು. ಗೌಡರು ಚರ್ಚಿಗೆ ಬಂದವರಲ್ಲ, ಅವರ ಮನೇಲಿ ಭೂತರಾಯಂಗೆ ದೀಪ ಇಡೋರು.

ಅಷ್ಟಾದ್ರೂ ಬೆಳೆ ಉಳೀಲಿಲ್ಲ, ತಡವಾಗಿ ಹೋಗಿತ್ತು. ಮೊಂತಿ ಫೆಸ್ತ್ ಬಂತು. ನಮ್ಮ ಕಡೆ ನಾಟಿ ಮುಗಿಯೋದೇ ಆಗಸ್ಟಲ್ಲಿ, ಗದ್ದೇಲಿ ತೆನೆ ಎಲ್ಲಿರುತ್ತೆ, ಹಬ್ಬದ ತೆನೆ ಘಟ್ಟದ ಕೆಳಗಿಂದ ಆಗುಂಬೆ ತಿರುವು ಹತ್ತಿ ಬಸ್ಸಲ್ಲಿ ಬರೋದು. ಯಾರದೋ ಗದ್ದೆ ತೆನೆ ಹಿಡ್ಕೊಂಡು, ಸ್ವಂತ ತೋಟ ಬರಿದಾದ ವರ್ಷ, ಅಪ್ಪ ಊಟದ ಮುಂಚೆ ಪ್ರಾರ್ಥನೆ ಹೇಳಿದ್ರು. ನೀನು ಕೊಟ್ಟಿದ್ದಕ್ಕೆಲ್ಲ ಸ್ತೋತ್ರ, ಗೌಡರಿಗೆ ಒಳ್ಳೇದು ಮಾಡು, ತೋಟದ ವಿಷಯ ನಿನ್ನ ಹತ್ರ ಇನ್ನೂ ಮಾತಾಡೋದಿದೆ. ಅಷ್ಟೇ. ಕಾಳು ಹಾಕಿದ ಹಾಲು ಕೊಟ್ರು, ಊಟ ಮಾಡಿದ್ವಿ.

ಮಗನಿಗೆ ನಾನು ಹೇಳಿದ್ದೂ ಇದೇ, ಥ್ಯಾಂಕ್ಯೂ ಹೇಳು, ಅಪ್ಪನ ಕೆಲಸದ ವಿಷಯ ಇನ್ನೂ ಮಾತಾಡೋದಿದೆ ಅಂತಾನೂ ಹೇಳು, ಎರಡೂ ನಿಜ, ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ.

ಕಥೆಗೆ ಪವಾಡದ ಕೊನೆ ಇಲ್ಲ. ಎಮ್ಮೆ ಮಾರಿದ್ರು, ಅಕ್ಕನ ಕಾಲೇಜು ಒಂದು ವರ್ಷ ಮುಂದಕ್ಕೆ ಹೋಯ್ತು, ಸಾಲ ತೀರೋಕೆ ವರ್ಷಗಳೇ ಹಿಡೀತು. ಆ ವರ್ಷ ಯಾಕೆ ಹಾಗಾಯ್ತು ಅನ್ನೋದಕ್ಕೆ ನಮ್ಮನೇಲಿ ಯಾರೂ ಇವತ್ತಿಗೂ ಕಾರಣ ಹುಡುಕಿಲ್ಲ. ಮುಂದಿನ ವರ್ಷ ಮೇ ತಿಂಗಳಲ್ಲಿ ಅಪ್ಪ ಮತ್ತೆ ಮೈಲುತುತ್ತ ಕರಗಿಸಿ ಕತ್ತಿ ಅದ್ದಿ ನೋಡ್ತಿದ್ರು, ಸಂಜೆ ತೇರ್ಸಿಗೆ ಕೂತ್ಕೊತಿದ್ರು. ನಂಬಿಕೆ ಅಂದ್ರೆ ನನಗೆ ಅದೇ ಚಿತ್ರ. ದೇವರು ಕೊಡ್ತಾನೆ ಅಂತ ಔಷಧಿ ಬಿಡೋದೂ ಅಲ್ಲ, ಕೊಡ್ಲಿಲ್ಲ ಅಂತ ಜಪ ಬಿಡೋದೂ ಅಲ್ಲ. ಯೇಸುವೇ ಗೆತ್ಸೆಮನೆ ತೋಟದಲ್ಲಿ ಈ ನೋವಿನ ಪಾತ್ರೆ ನನ್ನಿಂದ ದೂರ ಆಗ್ಲಿ ಅಂತ ಕೇಳ್ಕೊಂಡ್ರು, ಶಿಲುಬೆ ಮೇಲೆ 22ನೇ ಕೀರ್ತನೆಯ ಮೊದಲ ಸಾಲು ಹಿಡಿದು ನನ್ನ ದೇವರೇ ಯಾಕೆ ನನ್ನ ಕೈಬಿಟ್ಟೆ ಅಂತ ಕೂಗಿದ್ರು. ಬೈಬಲಲ್ಲಿ ಬರೋ ಸಂತ ಪೌಲ ತನ್ನ ಮೈಯಲ್ಲಿನ ಮುಳ್ಳು ತೆಗಿ ಅಂತ ಮೂರು ಸಲ ಬೇಡಿದ್ರೂ ಮುಳ್ಳು ಹೋಗ್ಲಿಲ್ಲ, ನನ್ನ ಕೃಪೆ ನಿನಗೆ ಸಾಕು ಅನ್ನೋ ಮಾತು ಮಾತ್ರ ಬಂತು. ಬೇಡಿದ್ದು ಸಿಗದವರ ಸಾಲು ಇಷ್ಟು ದೊಡ್ಡದಿರೋವಾಗ, ನಮಗೆ ಸಿಗ್ಲಿಲ್ಲ ಅಂದ್ರೆ ನಮ್ಮ ಪ್ರಾರ್ಥನೇಲಿ ಏನೋ ದೋಷ ಅಂತ ಯಾಕೆ ಅಂದ್ಕೋಬೇಕು.

ಇದನ್ನ ಈಗ ಬರೆಯೋಕೆ ಕಾರಣ ಇದೆ. ನಮ್ಮ ಕೂಟದಲ್ಲಿ ಈ ವರ್ಷ ಕೆಲಸ ಕಳ್ಕೊಂಡವರು ನಾವೊಬ್ಬರೇ ಅಲ್ಲ, ವರ್ಕ್ ಪರ್ಮಿಟ್ ಮುಗಿಯೋ ದಿನ ಎಣಿಸ್ತಿರೋ ಮನೆಗಳಿವೆ, ಪೇಪರ್ ಬರ್ಲಿಲ್ಲ ಅಂತ ಅಮ್ಮನ ಮಣ್ಣಿಗೆ ಹೋಗೋಕಾಗದೆ ವೀಡಿಯೋ ಕಾಲಲ್ಲಿ ನೋಡಿದವರಿದ್ದಾರೆ. ಅವರಿಗೆ ದಯವಿಟ್ಟು ಎಲ್ಲಾ ಒಳ್ಳೇದಕ್ಕೇ ಅಂತ ಹೇಳ್ಬೇಡಿ, ದೇವರ ಚಿತ್ತ ಅಂತ ಕೂಡ ಬೇಗ ಹೇಳ್ಬೇಡಿ, ಆ ಮಾತು ಅವರು ತಾವಾಗಿ ಹೇಳ್ಕೊಂಡ್ರೆ ಬೇರೆ, ಹೊಟ್ಟೆ ತುಂಬಿದ ನಾವು ಹೇಳೋದು ಬೇರೆ. ಹೋಗಿ ಕೂತ್ಕೊಳ್ಳಿ. ರೆಸ್ಯೂಮೆ ನೋಡಿ ಕೊಡಿ, ನಿಮ್ಮ ಆಫೀಸಲ್ಲಿ ಹೆಸರು ಹೇಳಿ. ನಮ್ಮನೆಗೆ ಬಂದು ಹಾಗೆ ಕೂತವರನ್ನ ನಾನು ಸಾಯೋವರೆಗೂ ಮರೆಯಲ್ಲ.

ಊರಲ್ಲಿ ಅಪ್ಪಂಗೆ ಈಗ ಕೊಳೆ ಜೊತೆ ಎಲೆಚುಕ್ಕೆ ರೋಗದ ಚಿಂತೆ. ಮೊನ್ನೆ ಫೋನಲ್ಲಿ ಅಳಿಯನ ಕೆಲಸದ ಬಗ್ಗೆ ಕೇಳಿದ್ರು, ಇನ್ನೂ ಇಲ್ಲ ಅಂದೆ, ಸರಿ ಇವತ್ತೂ ಕೇಳ್ತೀನಿ ಅಂದ್ರು.

ಸೂಚನೆಗಳು, ಜಾಗ ಕಮ್ಮಿ ಇದೆ ಒಟ್ಟಿಗೇ ಹೇಳಿಬಿಡ್ತೀನಿ. ದಸರಾ ಗೊಂಬೆ ಕೂಟ ಅಕ್ಟೋಬರ್ ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ಕಮ್ಯುನಿಟಿ ಹಾಲಲ್ಲಿ, ಗೊಂಬೆ ತರೋರು ಮೂರಕ್ಕೇ ಬನ್ನಿ, ಕೋಸಂಬರಿ ಮತ್ತೆ ಪಾನಕ ಕೂಟದ ಕಡೆಯಿಂದ. ರಾಜ್ಯೋತ್ಸವ ನವೆಂಬರ್ ಮೊದಲ ಭಾನುವಾರ, ಮಕ್ಕಳ ನಾಟಕದ ಪ್ರಾಕ್ಟೀಸ್ ಶುರುವಾಗಿದೆ, ಇನ್ನೂ ಇಬ್ಬರು ಹುಡುಗರು ಬೇಕು, ಕನ್ನಡ ಓದೋಕೆ ಬರದಿದ್ರೂ ಪರವಾಗಿಲ್ಲ ಬಾಯಿಪಾಠ ಮಾಡಿಸ್ತೀವಿ. ಸದಸ್ಯತ್ವದ ಹಣ ಬಾಕಿ ಇರೋರು ಖಜಾಂಚಿಗೆ ಕಳಿಸಿ, ಈ ವರ್ಷ ಕಷ್ಟ ಇರೋ ಮನೆಯವರು ಏನೂ ಕಳಿಸ್ಬೇಡಿ, ಯಾರೂ ಕೇಳಲ್ಲ, ಎಲ್ಲಾ ಕಾರ್ಯಕ್ರಮಕ್ಕೂ ಬನ್ನಿ. ಭಾನುವಾರದ ಕನ್ನಡ ಕ್ಲಾಸಿನ ಟೀಚರ್ ಡಿಸೆಂಬರಲ್ಲಿ ಊರಿಗೆ ವಾಪಸ್ ಹೋಗ್ತಿದ್ದಾರೆ, ಅವರ ಜಾಗಕ್ಕೆ ಯಾರಾದ್ರೂ ಬೇಕೇ ಬೇಕು. ಸುದ್ದಿಪತ್ರಕ್ಕೂ ಒಬ್ಬರು ಬೇಕು, ಟೈಪ್ ಮಾಡೋಕೆ, ಪ್ರೂಫ್ ನೋಡೋಕೆ, ಒಬ್ಬಳಿಂದ ಆಗ್ತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು, ನಮ್ಮಲ್ಲೊಬ್ಬರಿಗೆ ಆಪರೇಷನ್ ಆಗಿ ಮನೆಗೆ ಬಂದಿದ್ದಾರೆ, ಇಬ್ಬರು ಚಿಕ್ಕ ಮಕ್ಕಳು, ಮುಂದಿನ ಆರು ವಾರಕ್ಕೆ ರಾತ್ರಿ ಊಟದ ಪಟ್ಟಿ ಮಾಡಿದ್ದೀವಿ. ಖಾರ ಕಮ್ಮಿ ಇರ್ಲಿ, ಅನ್ನ ಸಾರು ಪಲ್ಯ ಸಾಕು, ವಾಪಸ್ ಕೊಡಬೇಕಾದ ಡಬ್ಬಿಯಲ್ಲಿ ಕಳಿಸ್ಬೇಡಿ. ಮಂಗಳವಾರ ಮತ್ತೆ ಗುರುವಾರ ಇನ್ನೂ ಖಾಲಿ ಇದೆ, ಗ್ರೂಪಲ್ಲಿ ನಿಮ್ಮ ಹೆಸರು ಹಾಕಿ.