ರೆಸಿಡೆನ್ಸಿ ರಸ್ತೆಯಲ್ಲಿ ಸಿಕ್ಕ ಅಣ್ಣನಿಗೆ

ಅಣ್ಣಾ, ಗಡಿಬಿಡಿಯಲ್ಲಿ ನಿಮ್ಮ ಹೆಸರೂ ಕೇಳಲಿಲ್ಲ. ಜೆರಾಕ್ಸ್ ಅಂಗಡಿ ಮುಂದೆ ಪಿಂಚಣಿ ಫೈಲ್ ಹಿಡಿದು ನಿಂತಿದ್ದ ನನ್ನನ್ನು ಕೂರಿಸಿ, ಒಂದೊಂದೇ ಕಾಗದ ನೋಡಿದಿರಿ. ನಮ್ಮ ಯಜಮಾನರು ಸೇನೆಯಲ್ಲಿದ್ದವರು, ವರ್ಷಗಟ್ಟಲೆ ಹಾಸಿಗೆ ಹಿಡಿದು ತೀರಿಕೊಂಡರು. ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ನನ್ನ ಇನಿಷಿಯಲ್ ಒಂದು, ಆಧಾರ್‌ನಲ್ಲಿ ಇನ್ನೊಂದು. ಅದನ್ನು ಕಂಡುಹಿಡಿದವರು ನೀವೇ. ಅಫಿಡವಿಟ್‌ನಲ್ಲಿ ಏನಿರಬೇಕು ಅಂತ ಹಳೇ ಲಕೋಟೆ ಹಿಂದೆ ದುಂಡಗೆ ಬರೆದುಕೊಟ್ಟಿರಿ. ಮಾಮೂಲಿ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ 30, ಸಾವಿಗೆ ಕಾರಣವಾದ ಕಾಯಿಲೆ ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದರೆ ಶೇ 60 ಅಂತ ಬಿಡಿಸಿ ಹೇಳಿದಿರಿ. ‘ಮೆಡಿಕಲ್ ಬೋರ್ಡ್ ಕಾಗದ ಜೋಪಾನ ಕಣಮ್ಮಾ’ ಅಂದಿರಿ. ಇದನ್ನೆಲ್ಲ ಪಿಂಚಣಿ ಕಚೇರಿಯ ಕೌಂಟರಿನಲ್ಲೇ ಹೇಳಬೇಕಿತ್ತು ಅಲ್ವಾ? ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ಈಗ ನನ್ನ ಪಿಂಚಣಿ ಮಂಜೂರಾಗಿದೆ. ಮಗಳ ಕಾಲೇಜು ಫೀಸ್ ಕಟ್ಟಿದೆ ಅಣ್ಣಾ. ನಿಮ್ಮ ಉಪಕಾರ ಮರೆಯಲ್ಲ.