ಮೂವತ್ತು ಸೆಕೆಂಡಿನಲ್ಲಿ ಏನು ಹೇಳುತ್ತೀಯ?

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಎರಡು ಸಲ ಓದಿದೆ. ನೀನು ಕೋಚ್ ಆಗಿರುವ ವಾಲಿಬಾಲ್ ತಂಡ ಸೋತಿದ್ದಕ್ಕಿಂತ, ಕೊನೆಯ ಸೆಟ್‌ನಲ್ಲಿ ಸೆಟ್ಟರ್ ಅನ್ನು, ಅಂದರೆ ಸ್ಮ್ಯಾಶ್ ಹೊಡೆಯುವವರಿಗೆ ಬಾಲ್ ಎತ್ತಿ ಕೊಡುವವಳನ್ನು, ಬದಲಾಯಿಸಿದ್ದು ತಪ್ಪಾಯಿತಾ ಅನ್ನುವುದೇ ನಿನ್ನನ್ನು ಜಾಸ್ತಿ ಕೊರೆಯುತ್ತಿದೆ, ಅಲ್ವಾ? ಆ ಪಂದ್ಯ ನಾನು ನೋಡಿಲ್ಲ, ತೀರ್ಪು ಕೊಡಲಾರೆ. ಒಂದೇ ಪ್ರಶ್ನೆ. ಆ ಬದಲಾವಣೆಯನ್ನು ಅಭ್ಯಾಸದಲ್ಲಿ ಎಷ್ಟು ಸಲ ಮಾಡಿ ನೋಡಿದ್ದೆ?

2014ರ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್ ನೆನಪಿದೆಯಾ? ನೆದರ್‌ಲೆಂಡ್ಸ್ ಮತ್ತು ಕೋಸ್ಟರಿಕಾ. ಹೆಚ್ಚುವರಿ ಸಮಯ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ನೆದರ್‌ಲೆಂಡ್ಸ್ ಕೋಚ್ ಲೂಯಿ ವಾನ್ ಗಾಲ್ ಗೋಲ್‌ಕೀಪರ್‌ನನ್ನೇ ಬದಲಾಯಿಸಿದರು. ಬರೀ ಪೆನಾಲ್ಟಿ ಹೊಡೆತಗಳಿಗಾಗಿ! ಒಳಗೆ ಬಂದ ಟಿಮ್ ಕ್ರುಲ್ ಎರಡು ಹೊಡೆತ ತಡೆದ, ತಂಡ ಗೆದ್ದಿತು. ನೋಡಿದವರಿಗೆ ಅದು ಆ ಕ್ಷಣದ ಜೂಜು. ಆದರೆ ಹೀಗಾಗಬಹುದು ಎಂದು ಕ್ರುಲ್‌ಗೆ ಮೊದಲೇ ಹೇಳಿದ್ದರು. ಹೊರಗೆ ಬಂದ ಸಿಲೆಸೆನ್‌ಗೆ ಹೇಳಿರಲಿಲ್ಲ, ಅವನ ಗಮನ ಆಟದಿಂದ ಕದಲಬಾರದು ಅಂತ. ಸೆಮಿಫೈನಲ್ ಕೂಡ ಪೆನಾಲ್ಟಿಗೇ ಹೋಯಿತು. ಅಷ್ಟು ಹೊತ್ತಿಗೆ, ಆಗ ಒಂದು ಪಂದ್ಯಕ್ಕೆ ಇದ್ದ ಮೂರೂ ಬದಲಾವಣೆ ಖರ್ಚಾಗಿದ್ದವು. ಸಿಲೆಸೆನ್ನೇ ನಿಂತ, ಅರ್ಜೆಂಟೀನಾ 4-2ರಲ್ಲಿ ಗೆದ್ದಿತು. ಅದೇ ಕೋಚ್, ಅದೇ ತಲೆ. ಒಂದು ದಿನ ಜಾಣ, ನಾಲ್ಕು ದಿನ ಬಿಟ್ಟು ದಡ್ಡ ಅನ್ನೋಕಾಗುತ್ತಾ?

ನನ್ನ ಕಥೆ ಇಷ್ಟು ದೊಡ್ಡದಲ್ಲ. ಕೋಚ್ ಆದ ಹೊಸತರಲ್ಲಿ ಒಂದು ಪಂದ್ಯ. ಎದುರಾಳಿಗಳು ಸತತ ಐದು ಪಾಯಿಂಟ್ ತೆಗೆದರು. ಟೈಮ್ ಔಟ್ ಕೇಳಿದೆ. ಇರುವುದೇ ಮೂವತ್ತು ಸೆಕೆಂಡ್. ನಾನು ಸರ್ವ್ ಬಗ್ಗೆ ಹೇಳಿದೆ, ನೆಟ್ ಹತ್ತಿರ ಜಿಗಿದು ಹೊಡೆತ ತಡೆಯುವ ಬ್ಲಾಕ್ ಬಗ್ಗೆ ಹೇಳಿದೆ, ಹೋದ ವಾರದ ತಪ್ಪು ಕೂಡ ಕೆದಕಿದೆ. ಶಿಳ್ಳೆ ಊದಿದರು. ಸೆಟ್ಟರ್ ಹುಡುಗಿ ಟವೆಲ್ ಕೆಳಗಿಟ್ಟು ಮೆಲ್ಲಗೆ ಕೇಳಿದಳು, ‘ಸರ್, ಈಗ ಬಾಲ್ ಯಾರಿಗೆ ಎತ್ತಿ ಕೊಡಲಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಟೈಮ್ ಔಟ್‌ನ ಮೊದಲ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಅವರು ನೀರು ಕುಡಿಯಲಿ, ಉಸಿರು ತೆಗೆದುಕೊಳ್ಳಲಿ. ಆಮೇಲೆ ಒಂದೇ ಮಾತು, ಹೆಚ್ಚೆಂದರೆ ಎರಡು.

ಆ ಒಂದು ಮಾತು ಸಿಗಬೇಕಾದರೆ ಹಿಂದಿನ ರಾತ್ರಿಯೇ ಕೂತು ಬರೆದುಕೊಳ್ಳಬೇಕು. ಎದುರಾಳಿಯ ಸರ್ವ್ ಎತ್ತಿಕೊಳ್ಳುವ ನಮ್ಮ ಮೊದಲ ಪಾಸ್ ಸತತ ಮೂರು ಸಲ ಕೆಟ್ಟರೆ ಯಾರನ್ನು ಅಂಗಳಕ್ಕೆ ಇಳಿಸುವುದು? ಮುಖ್ಯ ಸ್ಮ್ಯಾಶರ್ ಸುಸ್ತಾದರೆ? ನಾಲ್ಕೈದು ಸಾಲು ಸಾಕು. ಗದ್ದಲದ ನಡುವೆ ಕೂತು ಹೊಸದಾಗಿ ಯೋಚಿಸಲು ಹೋಗಬೇಡ. ಅಲ್ಲಿ ಗಂಟಲು ದೊಡ್ಡದಿರುವವರ ಮಾತೇ ಗೆಲ್ಲುತ್ತದೆ.

ಅಭ್ಯಾಸದ ವಿಷಯಕ್ಕೆ ಬಂದರೆ, ಕಣ್ಣಿನಷ್ಟೇ ಕಿವಿಯನ್ನೂ ನಂಬು. ಬ್ಲಾಕ್ ಮಾಡಿ ಇಳಿಯುವಾಗ ಕಾಲು ಸದ್ದಿಲ್ಲದೆ ನೆಲಕ್ಕೆ ಬರುತ್ತಿದ್ದ ಹುಡುಗಿ ಇವತ್ತು ಧಪ್ ಅಂತ ಇಳಿದರೆ ಕಾಲು ಸೋತಿದೆ ಅಂತ ಲೆಕ್ಕ. ಇನ್ನೊಂದು ಉಪಾಯ, ನಾನು ತೀರಾ ತಡವಾಗಿ ಕಲಿತದ್ದು. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ, ‘ಇವತ್ತು ಎಷ್ಟು ಕಷ್ಟ ಆಯ್ತು, 0ಯಿಂದ 10ರೊಳಗೆ ಹೇಳು’ ಅಂತ ಒಬ್ಬೊಬ್ಬರನ್ನೇ ಕೇಳು. ಆ ಅಂಕಿಯನ್ನು ಅಭ್ಯಾಸದ ನಿಮಿಷಗಳಿಂದ ಗುಣಿಸು. 90 ನಿಮಿಷ, ಅಂಕಿ 6 ಅಂದರೆ 540, ಅದು ಅವಳ ಮೇಲೆ ಆವತ್ತು ಬಿದ್ದ ಹೊರೆಯ ಲೆಕ್ಕ. ಅದೇ ಅಭ್ಯಾಸಕ್ಕೆ ಹೋದ ವಾರ 5 ಅಂದವಳು ಈ ವಾರ 8 ಅಂದರೆ, ನಿದ್ದೆಯೋ ಪರೀಕ್ಷೆಯೋ ಮನೆಯ ಜಗಳವೋ, ಏನೋ ಇದೆ. ಬೈಯಬೇಡ. ಆವತ್ತು ಜಿಗಿತ ಕಡಿಮೆ ಮಾಡಿಸು. ಎಲ್ಲರ ಎದುರು ಮಾತ್ರ ಕೇಳಬೇಡ, ಮೊದಲನೆಯವಳು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ.

ಪಂದ್ಯ ಮುಗಿದ ಮೇಲೆ ಸ್ಕೋರ್ ಪಕ್ಕಕ್ಕಿಡು. ಆ ಹೊತ್ತಿಗೆ ನಿನಗೆ ಏನು ಗೊತ್ತಿತ್ತು, ಯಾಕೆ ಹಾಗೆ ಮಾಡಿದೆ ಅನ್ನುವುದನ್ನು ಬರೆದಿಡು. ಸೆಟ್ಟರ್ ಬದಲಾಯಿಸಿದ್ದರ ಬಗ್ಗೆಯೂ ಬರೆ. ಆ ಪುಟ ನನಗೆ ಕಳಿಸಿದರೆ ಆಗ ಇಬ್ಬರೂ ಜಗಳ ಆಡೋಣ.

ಮೊಣಕಾಲು ನೋವಿನ ಹುಡುಗಿಯ ಬಗ್ಗೆ ಕೇಳಿದ್ದೆಯಲ್ಲ. ಫೈನಲ್ ಆದರೂ ಸರಿ, ಡಾಕ್ಟರ್ ಹೂಂ ಅನ್ನುವವರೆಗೂ ಅವಳನ್ನು ಇಳಿಸಬೇಡ. ‘ನಾನು ಆಡ್ತೀನಿ ಮೇಡಂ’ ಅಂತ ಅವಳು ಅಂದೇ ಅನ್ನುತ್ತಾಳೆ. ಆ ಮಾತು ಲೆಕ್ಕಕ್ಕಿಲ್ಲ. ಅವಳ ಅಪ್ಪ ಅಮ್ಮ ಬೇಜಾರು ಮಾಡಿಕೊಂಡರೆ ನನಗೆ ಫೋನ್ ಮಾಡಲು ಹೇಳು.

ಇಂತಿ,
ನಿನ್ನ ದೊಡ್ಡಪ್ಪ