ಬಾಗಿಲಲ್ಲಿ ಕೇಳಿದ್ದು ಒಂದೇ

ಪ್ರೀತಿಯ ಪುಟ್ಟಿ,

ಕರ್ತನ ನಾಮದಲ್ಲಿ ವಂದನೆ. ಮೊನ್ನೆ ಫೋನಿನಲ್ಲಿ ನೀನು ಅಂದದ್ದು ಮನಸ್ಸಿನಲ್ಲೇ ಕೂತಿದೆ. ಎರಡು ವಾರ ಬೈಬಲ್ ಓದಲಿಲ್ಲ, ಉಪವಾಸ ತಪ್ಪಿತು, ಅದಕ್ಕೇ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳದೆ ಹಿಂದಿನ ಬೆಂಚಿನಲ್ಲೇ ಕೂತೆ ಅಂದೆಯಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ತಪ್ಪುಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಇಟ್ಟಿದ್ದೆ. ತಪ್ಪು ಕಡಿಮೆ ಆಗಲಿಲ್ಲ, ಬುಕ್ಕು ತುಂಬಿತು.

ನಮ್ಮ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯವರದೂ ಇದೇ ಪಾಡು. ಆಕ್ಸ್‌ಫರ್ಡಿನಲ್ಲಿ ಬುಧವಾರ, ಶುಕ್ರವಾರ ಉಪವಾಸ, ಜೈಲಿನಲ್ಲಿದ್ದವರ ಭೇಟಿ, ಗಂಟೆ ಗಂಟೆಗೂ ಡೈರಿ. ಆ ಕಟ್ಟುನಿಟ್ಟು ನೋಡಿ ಗೇಲಿ ಮಾಡಿದವರು ಇಟ್ಟ ಹೆಸರೇ ‘ಮೆಥೋಡಿಸ್ಟ್’. ಇಷ್ಟಾದರೂ ನೆಮ್ಮದಿ ಇರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದರು. ಅಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕ್ರಿಸ್ತನು ನನ್ನ ಪಾಪಗಳನ್ನೂ ತೆಗೆದುಹಾಕಿದ್ದಾನೆ ಎಂಬ ಭರವಸೆ ಅವರಿಗೆ ಸಿಕ್ಕಿದ್ದು ಆವತ್ತು.

ಆಮೇಲೆ ನಿಯಮ ಬಿಟ್ಟರಾ? ಇಲ್ಲ. ಬೆಳಗಿನ 4ಕ್ಕೇ ಏಳುತ್ತಿದ್ದರು. 1743ರಲ್ಲಿ ತಮ್ಮ ಮೆಥೋಡಿಸ್ಟ್ ಸಂಘಗಳಿಗೆ ನಿಯಮಗಳನ್ನೂ ಬರೆದರು: ಕೆಟ್ಟದ್ದು ಮಾಡಬೇಡಿ, ಒಳ್ಳೆಯದು ಮಾಡಿ, ಪ್ರಾರ್ಥನೆ, ಬೈಬಲ್ ಓದು, ಪ್ರಭುಭೋಜನ ಬಿಡಬೇಡಿ. ಸುಂಕ ಕಟ್ಟದ ಮಾಲು ಕೊಳ್ಳಬಾರದು ಅಂತ ಕೂಡ ಅದರಲ್ಲಿದೆ! ಆದರೆ ಹೊಸದಾಗಿ ಸೇರುವವರನ್ನು ಬಾಗಿಲಲ್ಲಿ ಕೇಳುತ್ತಿದ್ದದ್ದು ಒಂದೇ. ಪಾಪದಿಂದ ಬಿಡುಗಡೆ ಬೇಕು ಅನ್ನುವ ಆಸೆ ಇದೆಯಾ? ಉಳಿದದ್ದೆಲ್ಲ ಒಳಗೆ ಬಂದಮೇಲೆ. ಇಷ್ಟು ಅರ್ಥವಾಗಲು ನನಗೆ 40 ವರ್ಷ ಬೇಕಾಯ್ತು.

ಪೌಲನು ಗಲಾತ್ಯದವರಿಗೆ ಬರೆಯುವಾಗ ಮೋಶೆಯ ಧರ್ಮಶಾಸ್ತ್ರವನ್ನು, ಅಂದರೆ ಹಳೆಯ ನಿಯಮಗಳನ್ನು, ಮಗು ಕಾಯುವ ಆಳಿಗೆ ಹೋಲಿಸುತ್ತಾನೆ. ಆ ಕಾಲದಲ್ಲಿ ಅನುಕೂಲಸ್ಥರ ಮನೆಯ ಹುಡುಗನನ್ನು ಶಾಲೆಗೆ ಕರೆದೊಯ್ಯುತ್ತಿದ್ದವನು ಆ ಆಳು. ಹಾಗೇ ಧರ್ಮಶಾಸ್ತ್ರದ ಕೆಲಸ ನಮ್ಮನ್ನು ಕ್ರಿಸ್ತನ ಬಳಿಗೆ ಮುಟ್ಟಿಸುವುದು. ನೀನು ಆ ಆಳಿನ ಗದರಿಕೆಗೆ ಹೆದರಿ ಶಾಲೆಯ ಹೊರಗೇ ನಿಂತುಬಿಟ್ಟಿದ್ದೀಯ, ಅಲ್ವಾ?

ನಿನ್ನ ತಮ್ಮನದು ಬೇರೆ ಕಥೆ. ‘ಕೃಪೆ ಇದೆಯಲ್ಲ ದೊಡ್ಡಪ್ಪ’ ಅಂತ, ಹೇಳಿದ ಸುಳ್ಳನ್ನೂ ನಗುತ್ತಲೇ ಒಪ್ಪಿಕೊಳ್ಳುತ್ತಾನೆ. ಕೃಪೆ ಹೆಚ್ಚಲಿ ಅಂತ ಪಾಪ ಮಾಡುತ್ತಲೇ ಇರಬೇಕಾ ಅಂತ ಪೌಲನು ಕೇಳುವ, ರೋಮಾಪುರದವರ ಪತ್ರದ 6ನೇ ಅಧ್ಯಾಯ ಅವನಿಗೆ. ಬೇರೆ ಪತ್ರ ಬರೆಯುತ್ತೇನೆ, ಸ್ವಲ್ಪ ಖಾರವಾಗಿಯೇ.

ಪ್ರಭುಭೋಜನ ಒಳ್ಳೆಯವರಿಗೆ ಕೊಡುವ ಬಹುಮಾನ ಅಂತ ವೆಸ್ಲಿ ಎಣಿಸಲಿಲ್ಲ. ಕೃಪೆ ಸಿಗುವ ದಾರಿಗಳಲ್ಲಿ ಅದೂ ಒಂದು ಎಂದರು. ಮುಂದಿನ ಸಲ ಎದ್ದು ಮುಂದಕ್ಕೆ ಹೋಗು. ಉಪವಾಸ ಮಾಡುವುದಾದರೆ ನೈಟ್ ಡ್ಯೂಟಿ ಇರುವ ದಿನ ಬೇಡ, ವಾರ್ಡಿನಲ್ಲಿ ತಲೆ ಸುತ್ತಿ ಬೀಳುವೆ. ದೊಡ್ಡಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಪಾರ್ಸಲ್ ಬಂದ ಮೇಲೆ ಫೋನ್ ಮಾಡು.

ನಿನ್ನ ದೊಡ್ಡಪ್ಪ
ಬೀದರ್